ಹೆದ್ದಾರಿ ಬದಿಯ ಕೆಂಪು ಬೆಡ್‌ಶೀಟ್

ಹೆಂಡತಿ ಕೊಟ್ಟು ಕಳಿಸಿದ ಕೆಂಪು ಬೆಡ್‌ಶೀಟನ್ನು ಸೈಟು ಸಾಹೇಬರು ಅವತ್ತು ಬೆಳಿಗ್ಗೆ ಹರಿಯದೇ ಇದ್ದಿದ್ದರೆ ಈ ರಾದ್ಧಾಂತವೇ ಆಗುತ್ತಿರಲಿಲ್ಲ.

ಸಾಹೇಬರು ಎಂದರೆ ದೊಡ್ಡ ಅಧಿಕಾರಿಯೇನಲ್ಲ. ಊರಿನಿಂದ ದೂರ, ಹೆದ್ದಾರಿಯ ಪಕ್ಕ ಹಾಳು ಬಿದ್ದಿದ್ದ ಸರ್ಕಾರಿ ಬಯಲನ್ನು ಉದ್ಧಾರ ಮಾಡಬೇಕೆಂದು ಮೇಲಿನವರಿಗೆ ಒಂದು ದಿನ ಅನ್ನಿಸಿತು. ಬಯಲನ್ನು ಸೈಟುಗಳಾಗಿ ಪಾಲು ಮಾಡಿ, ಗೂಟ ಹೊಡೆದು, ಹತ್ತು ವರ್ಷದ ಗುತ್ತಿಗೆಗೆ ಕೊಡುವುದು. ಗುತ್ತಿಗೆ ಹಿಡಿದವರು ಅಷ್ಟರಲ್ಲಿ ಕಟ್ಟಡ ಎಬ್ಬಿಸಿದರೆ ಜಾಗವನ್ನು ಅವರಿಗೇ ಮಾರುವುದು. ಇದನ್ನು ಅಲ್ಲೇ ಕೂತು ನೋಡಿಕೊಳ್ಳಲು ಯಾರು ಹೋಗುತ್ತೀರಿ ಎಂದು ಮೀಟಿಂಗಿನಲ್ಲಿ ಕೇಳಿದರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಇವರ ತಲೆ ಅದೇ ಹೊತ್ತಿಗೆ ಮುಂದಕ್ಕೆ ವಾಲಿತು. ಒಪ್ಪಿಗೆ ಎಂದು ಬರೆದುಕೊಂಡರು.

ಅಲ್ಲಿಂದ ಎರಡು ವರ್ಷ ವನವಾಸ. ತಗಡಿನ ಒಂದು ಕೋಣೆಯೇ ಕಚೇರಿ, ಬೀರುವಿನ ಹಿಂದೆ ಸರಿಸಿದ ಮಂಚವೇ ಮನೆ. ಎದುರಿಗೆ ಅಕ್ಕನ ಟೀ ಅಂಗಡಿ, ಅದರ ಪಕ್ಕ ಪಂಕ್ಚರ್‌ನವನ ಗೂಡು. ಉಳಿದದ್ದೆಲ್ಲ ಗಾಳಿ. ಸೈಟು ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ವರ್ಗಾವಣೆ ಕೇಳಿದಾಗಲೆಲ್ಲ ಮೇಲಿನವರದು ಒಂದೇ ಮಾತು: "ಅಲ್ಲಿ ಏನು ಕಡಿದು ಕಟ್ಟೆ ಹಾಕಿದೀರಿ ಅಂತ ವರ್ಗ ಕೇಳ್ತೀರ್ರೀ?"

ಊರಿನಲ್ಲಿದ್ದ ಪುಟ್ಟ ಮಗಳು ಅಪ್ಪ ಇರುವುದೇ ಮೊಬೈಲಿನೊಳಗೆ ಎಂದು ನಂಬಿದ್ದಳು. ಮೊಬೈಲನ್ನು ಚಾರ್ಜಿಗೆ ಹಾಕಿದರೆ "ಅಪ್ಪ ಊಟ ಮಾಡ್ತಿದಾನೆ, ಶ್!" ಎನ್ನುತ್ತಿದ್ದಳಂತೆ. ಹೆಂಡತಿ ನಗುತ್ತಾ ಹೇಳಿದ ಆ ಮಾತು ಕೇಳಿದ ದಿನ ಸಾಹೇಬರಿಗೆ ನಿಜವಾದ ಊಟ ಗಂಟಲಲ್ಲಿ ಇಳಿಯಲಿಲ್ಲ. ಏನಾದರೂ ಮಾಡಿ ಒಂದಿಷ್ಟು ಸೈಟು ವಿಲೇವಾರಿ ಮಾಡಬೇಕು, ಊರಿಗೆ ವರ್ಗ ಮಾಡಿಸಿಕೊಂಡು ಮಗಳ ಕಣ್ಣೆದುರು ಕೂತು ಉಣ್ಣಬೇಕು. ಅವರಿಗಿದ್ದ ಆಸೆ ಇಷ್ಟೇ.

ಅವತ್ತು ಬೆಳಿಗ್ಗೆ ಮೇಲಿನ ಕಚೇರಿಯ ಗೆಳೆಯ ಫೋನ್ ಮಾಡಿದ. "ಇವತ್ತು ಒಬ್ರು ದೊಡ್ಡವರು ಕಾರಲ್ಲಿ ಬರ್ತಿದಾರೆ ಕಣೋ, ಜಾಗ ನೋಡೋಕೆ. ನೀನೇನೂ..." ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಗಿರಾಕಿ! ಸಾಹೇಬರು ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಶರ್ಟು ಹಾಕಿಕೊಂಡು ಹೊರಗೆ ಬಂದು ಬಯಲನ್ನು ನೋಡಿದರು. ಉತ್ಸಾಹ ಜರ್ರನೆ ಇಳಿದುಹೋಯಿತು. ಇದನ್ನು ನೋಡಿ ಯಾವ ಮಾರಾಯ ಕಾರಿನಿಂದ ಕೆಳಗಿಳಿಯುತ್ತಾನೆ? ಅರ್ಜಿ ಬಂದ ಸೈಟಿನ ಗೂಟಕ್ಕೆ ಕೆಂಪು ಬಟ್ಟೆ ಕಟ್ಟಬೇಕೆಂಬುದು ಕಚೇರಿಯ ನಿಯಮ. ಎರಡು ವರ್ಷದಲ್ಲಿ ಒಂದು ಗೂಟಕ್ಕೂ ಆ ಭಾಗ್ಯ ಬಂದಿರಲಿಲ್ಲ. ಈಗ ಸುಮ್ಮನೆ ನಾಲ್ಕಕ್ಕೆ ಕಟ್ಟಿಬಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ?

ಸರ್ಕಾರ ಗೂಟ ಕಳಿಸಿತ್ತೇ ಹೊರತು ಬಟ್ಟೆ ಕಳಿಸಿರಲಿಲ್ಲ. ಮಂಚದ ಮೇಲಿದ್ದ ಬೆಡ್‌ಶೀಟಿನ ಕಡೆ ಕಣ್ಣು ಹೋಯಿತು. "ಮದುವೇಲಿ ಅಮ್ಮ ಕೊಟ್ಟಿದ್ದು, ಜೋಪಾನವಾಗಿ ವಾಪಸ್ ತರ್ಬೇಕು" ಎಂದು ಹೆಂಡತಿ ಹೇಳಿದ್ದು ನೆನಪಾಯಿತು. ಒಂದು ಅಂಚು ಹರಿದರೆ ಗೊತ್ತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಪರ್ರೆಂದು ಹರಿದರು. ದೂರದ ಮೂರು ಗೂಟಕ್ಕೆ ಕಟ್ಟುವಷ್ಟರಲ್ಲಿ ಬಿಸಿಲಿಗೆ ನೆತ್ತಿ ಸುಟ್ಟು, ನಾಲ್ಕನೆಯದನ್ನು ಕೈಗೆ ಸಿಕ್ಕ ಗೂಟಕ್ಕೆ ಬಿಗಿದು ಬಂದು ಫ್ಯಾನಿನಡಿ ಕೂತರು.

ಬೆವರು ಆರುವ ಮುಂಚೆ ಅಕ್ಕ ಸೌಟು ಹಿಡಿದುಕೊಂಡೇ ನುಗ್ಗಿದಳು.

"ಸಾಹೇಬ್ರೇ, ನನ್ನ ಅಂಗಡಿ ಗೂಟಕ್ಕೆ ಬಟ್ಟೆ ಕಟ್ಟಿದೀರಲ್ಲ, ಯಾರದು ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿರೋನು?"

ಅಕ್ಕನ ಅಂಗಡಿ ಯಾರನ್ನೂ ಕೇಳದೆ ಸರ್ಕಾರಿ ಸೈಟಿನಲ್ಲೇ ಕೂತಿದೆ ಎಂಬುದು ಸಾಹೇಬರಿಗೆ ಆಗ ಹೊಳೆಯಿತು. ನಿಜ ಹೇಳುವಂತಿಲ್ಲ. "ಅದು... ಗುಟ್ಟು ಅಕ್ಕ. ಹೇಳಂಗಿಲ್ಲ" ಎಂದು ತಡವರಿಸಿದರು.

"ಗುಟ್ಟಾ? ಹಾಗಾದ್ರೆ ಯಾವುದೋ ಭಾರಿ ಕುಳಾನೇ! ಎರಡು ವರ್ಷದಿಂದ ಬಾಯ್ತುಂಬ ಅಕ್ಕ ಅಕ್ಕ ಅಂತೀರ. ಅವನದು ಕಿತ್ತಾಕಿ, ನನ್ನ ಅರ್ಜಿ ತಗೊಳ್ಳಿ. ಪಕ್ಕದ್ದೂ ಇರ್ಲಿ, ಮಗಳಿಗೆ."

ಎರಡು ವರ್ಷದ ಮೊದಲ ಅರ್ಜಿ! ಸಾಹೇಬರು ಫಾರಂ ಮೇಲಿನ ಧೂಳು ಊದಿ ಮುಂದಕ್ಕೆ ಸರಿಸಿದರು. ಅಕ್ಕ ರುಜು ಹಾಕುವಾಗಲೇ ಬಾಗಿಲಲ್ಲಿ ಪಂಕ್ಚರ್‌ನವನು ನಿಂತಿದ್ದ. "ಅದೇನಕ್ಕಾ ಎರಡೆರಡು? ಪಕ್ಕದ್ದರಲ್ಲಿ ನನ್ನ ಗೂಡಿದೆ, ಗೊತ್ತಿಲ್ವಾ?" ಎಂದು ಕೂಗಾಡಿ, ಅದನ್ನು ತನಗೆ ಬರೆಸಿಕೊಂಡು, ಅಕ್ಕನಿಗಿಂತ ತಾನೇನು ಕಮ್ಮಿ ಎಂದು ಇನ್ನೊಂದನ್ನೂ ಹಿಡಿದ.

ಅಷ್ಟರಲ್ಲಿ ಬಸ್ಸು ಬಂದು ಟೀಗೆ ನಿಂತಿತು. "ಇಲ್ಲಿ ಫ್ಯಾಕ್ಟರಿ ಬರುತ್ತೆ" ಎಂದಳು ಅಕ್ಕ. "ಫ್ಯಾಕ್ಟರಿ ಎಲ್ಲಿ ಬಂತು? ನೆಲದ ಕೆಳಗೆ ಎಣ್ಣೆ ಸಿಕ್ಕಿದೆ" ಎಂದ ಪಂಕ್ಚರ್‌ನವನು. ಕಂಡಕ್ಟರು ಇಬ್ಬರ ಮಾತನ್ನೂ ನಂಬಿದ. ಬಸ್ಸಿನೊಳಗೆ ಹೋಗಿ, ಎಣ್ಣೆಯ ಫ್ಯಾಕ್ಟರಿ ಬರುತ್ತದೆಂದೂ, ಹತ್ತಿರದಲ್ಲೇ ವಿಮಾನ ನಿಲ್ದಾಣವೂ ಆಗುತ್ತದೆಂದೂ ತನ್ನ ಪಾಲನ್ನು ಸೇರಿಸಿ ಹೇಳಿದ. ಬಸ್ಸು ಒಂದೇ ಏಟಿಗೆ ಖಾಲಿಯಾಯಿತು.

ಆಮೇಲೆ ನಡೆದದ್ದನ್ನು ಕಚೇರಿ ಎನ್ನಲಾಗದು, ಸಂತೆ ಎನ್ನಬೇಕು. ಇದ್ದ ಒಂದೇ ಪೆನ್ನು ಕೈಯಿಂದ ಕೈಗೆ ಹಾರಿತು. ಆಸ್ಪತ್ರೆಗೆ ಹೊರಟಿದ್ದ ಅಜ್ಜ ನೋವು ಮರೆತು ಮೂಲೆ ಸೈಟಿಗೆ ಪಟ್ಟು ಹಿಡಿದ. ಬೆಡ್‌ಶೀಟಿನ ಒಂದು ತುದಿಯನ್ನು ಡ್ರೈವರ್, ಇನ್ನೊಂದನ್ನು ಕಂಡಕ್ಟರ್ ಹಿಡಿದು ಹರಿಯತೊಡಗಿದರು.

ಈ ಗದ್ದಲದ ನಡುವೆ ಕಪ್ಪು ಕಾರೊಂದು ಬಂದು ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಕನ್ನಡಕದ ದೊಡ್ಡ ಮನುಷ್ಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಜನರ ತಲೆಗಳ ಮೇಲಿಂದಲೇ ಕೈ ಮುಗಿದು, "ಸಾರ್, ನಿಮಗೇ ಅಂತ ಒಳ್ಳೇದೊಂದು ಇಟ್ಟಿದೀನಿ, ಬನ್ನಿ!" ಎಂದು ಕೂಗಿದರು.

"ಏನು, ಕಾರಲ್ಲಿ ಬಂದೋರಿಗೆ ಕೊಂಬಿದ್ಯಾ? ಲೈನಲ್ಲಿ ಬರ್ಲಿ!" ಎಂದು ಅಜ್ಜ ಗುಡುಗಿದ.

"ಪರವಾಗಿಲ್ಲ, ಎಲ್ಲರದೂ ಮುಗೀಲಿ" ಎಂದು ಆ ದೊಡ್ಡವರು ನಗುತ್ತಾ ಅಕ್ಕನ ಬೆಂಚಿನ ಮೇಲೆ ಹೋಗಿ ಕೂತರು.

ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಬಸ್ಸು ಹೋಯಿತು. ಕಣ್ಣು ಹಾಯಿಸಿದಷ್ಟು ದೂರ ಗೂಟಗಳ ಮೇಲೆ ಕೆಂಪು ಚೂರುಗಳು ಪಟಪಟ ಹಾರುತ್ತಿದ್ದವು. ಸಾಹೇಬರಿಗೆ ಕುಣಿಯಬೇಕೆನ್ನಿಸಿತು. ಇನ್ನು ವರ್ಗಾವಣೆಯನ್ನು ಯಾರು ತಡೆಯುತ್ತಾರೆ?

"ಕ್ಷಮಿಸಿ ಸಾರ್, ನಿಮಗೇ ಏನೂ ಉಳೀಲಿಲ್ಲ" ಎಂದರು, ದೊಡ್ಡವರ ಎದುರು ಕೈ ಹೊಸೆಯುತ್ತಾ.

"ನನಗ್ಯಾಕ್ರೀ ಸೈಟು? ನಾನು ಮೇಲಿನ ಕಚೇರಿಯವನು. ಎರಡು ವರ್ಷದಿಂದ ಇಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡಿಲ್ಲ. ಈ ಯೋಜನೇನ ಮುಚ್ಚಿ, ಕಚೇರಿಗೆ ಬೀಗ ಜಡಿದು, ನಿಮ್ಮನ್ನ ನನ್ನ ಕಾರಲ್ಲೇ ಊರಿಗೆ ಕರ್ಕೊಂಡು ಹೋಗೋಣ ಅಂತ ಬಂದಿದ್ದೆ."

"ಕಾರಲ್ಲಿ... ಊರಿಗೆ?"

"ಹೂಂ. ನಿಮ್ಮ ಸಾಮಾನಿಗೆ ಅಂತ ಹಿಂದಿನ ಸೀಟನ್ನೂ ಖಾಲಿ ಮಾಡಿಸಿದ್ದೆ."

ಸಾಹೇಬರು ದೂರದ ಗೂಟಗಳತ್ತ ಕೈ ತೋರಿಸಿದರು. "ಸಾರ್, ಆ ಮೊದಲನೇ ನಾಲ್ಕು ಬಟ್ಟೆ ಇದ್ಯಲ್ಲ, ಅದು..." ಎಂದು ಶುರುಮಾಡಿ ಬಾಯಿ ಮುಚ್ಚಿಕೊಂಡರು. ನಿಜ ಹೇಳಿದರೆ ಊರು ಸೇರಬಹುದು, ಆದರೆ ಕೆಲಸ ಕಳೆದುಕೊಂಡು.

"ನಿಮ್ಮ ಕಷ್ಟ ಕಣ್ಣಾರೆ ನೋಡಿದೆ ಬಿಡಿ" ಎಂದು ದೊಡ್ಡವರು ಅವರ ಬೆನ್ನು ತಟ್ಟಿದರು. "ಇಂಥ ಜಾಗಾನ ಬೇರೆಯವರ ಕೈಗೆ ಕೊಡೋಕಾಗುತ್ತಾ? ಹತ್ತು ವರ್ಷ, ಕಟ್ಟಡ ಎಲ್ಲಾ ಏಳೋವರೆಗೂ ನೀವೇ ಇರ್ಬೇಕು. ಅಂದ ಹಾಗೆ, ನನಗೊಬ್ಬ ಭಾವಮೈದ ಇದಾನೆ. ನಿಜವಾಗ್ಲೂ ಒಂದೂ ಉಳಿದಿಲ್ವಾ? ಈ ಕಚೇರಿ ನಿಂತಿದೆಯಲ್ಲ, ಇದು?"

ಬೆಡ್‌ಶೀಟಿನ ಕೊನೆಯ ಚೂರನ್ನು ಸಾಹೇಬರು ತಮ್ಮ ಕಚೇರಿಯ ಮುಂದಿನ ಗೂಟಕ್ಕೇ ಕಟ್ಟಿದರು. ಕಾರು ಹೊರಟಿತು. ಅದರ ಹಿಂದಿನ ಸೀಟು ಖಾಲಿಯಾಗಿಯೇ ಹೋಯಿತು.

ಅಕ್ಕ ಟೀ ತಂದುಕೊಟ್ಟು ಹಿಗ್ಗಿನಿಂದ, "ಬೇಜಾರು ಮಾಡ್ಕೋಬೇಡಿ ಸಾಹೇಬ್ರೇ. ನಾನು ಮಹಡಿ ಕಟ್ಟಿಸ್ತೀನಿ, ನಿಮ್ಮ ಕಚೇರಿ ಮೇಲ್ಗಡೆ ಇಟ್ಕೊಳ್ಳಿ. ಬಾಡಿಗೇಲಿ ಸ್ವಲ್ಪ ಬಿಟ್ಟುಕೊಡ್ತೀನಿ" ಎಂದಳು.

ಆಗ ಫೋನ್ ಬಡಿದುಕೊಂಡಿತು. ಬೆಳಿಗ್ಗೆ ಕೈಕೊಟ್ಟ ಸಿಗ್ನಲ್ ಈಗ ಗಟ್ಟಿಯಾಗಿತ್ತು.

"ರೀ, ನಿಮ್ಮ ಗೆಳೆಯರು ಎಲ್ಲಾ ಹೇಳಿದ್ರು! ಕಚೇರಿ ಮುಚ್ತಾರಂತೆ, ಇವತ್ತೇ ಬರ್ತೀರಂತೆ! ಮಗು ಊಟಾನೂ ಮಾಡದೆ ಬಾಗಿಲಲ್ಲೇ ಕೂತಿದೆ. ಹೊರಟ್ರಾ? ಸಾಮಾನೆಲ್ಲ ಬಿಟ್ರೂ ಪರವಾಗಿಲ್ಲ, ಆ ಕೆಂಪು ಬೆಡ್‌ಶೀಟ್ ಒಂದು ಮರೀದೆ ತನ್ನಿ."

ಸಾಹೇಬರು ಹೆದ್ದಾರಿಯುದ್ದಕ್ಕೂ ಹಾರುತ್ತಿದ್ದ ಬೆಡ್‌ಶೀಟನ್ನು ನೋಡಿದರು.

"ಅದೂ ಹೋಯ್ತು ಕಣೇ" ಎಂದರು. "ಹತ್ತು ವರ್ಷದ ಗುತ್ತಿಗೆಗೆ."