ಬಹುಮತದಿಂದ ಕೂರಿಸಿದ ಸೆನ್ಸರ್

"ಕಾರ್ಬುರೇಟರ್ ಎಂಬ ಈ ಊಳಿಗಮಾನ್ಯ ಪಳೆಯುಳಿಕೆಯನ್ನು ನನ್ನ ಕಾರಿನಿಂದ ಬುಡಸಮೇತ ಕಿತ್ತೊಗೆಯುತ್ತೇನೆ!"

ದುಬೈಯ ದೇರಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಬನಿಯನ್ ಹಾಕಿಕೊಂಡು, ಮುಷ್ಟಿ ಎತ್ತಿ ಹೀಗೆ ಘೋಷಿಸಿದೆ. ಸಭಿಕರು ಒಬ್ಬರೇ. ಅವರೂ ಬೀನ್ಸಿನ ನಾರು ತೆಗೆಯುತ್ತಿದ್ದರು.

"ಕಿತ್ತು ಎಲ್ಲಿ ಇಡ್ತೀರಿ? ಬಾಲ್ಕನಿಯಲ್ಲಿ ಜಾಗ ಇಲ್ಲ ಮಾರಾಯ್ರೆ," ಎಂದಳು ಹೆಂಡತಿ ಪ್ರಫುಲ್ಲಾ.

ಮಂಗಳೂರಿನ ಹಂಚಿನ ಕಾರ್ಖಾನೆಗಳ ಗೇಟಿನ ಮುಂದೆ ಗಂಟಲು ಹರಿದುಕೊಂಡವನು ನಾನು. ಮೈಕ್ ಸಿಕ್ಕಿದರೆ ಬಿಡುತ್ತಿರಲಿಲ್ಲ, ಲಾಠಿ ಬಿದ್ದರೆ ಏಳುತ್ತಿರಲಿಲ್ಲ. ಅಂಥವನನ್ನು ತಂದು ಈ ಊರಿನ ಗೋದಾಮೊಂದರಲ್ಲಿ ಸೂಪರ್‌ವೈಸರ್ ಮಾಡಿ ಕೂರಿಸಿದರೆ ಏನಾಗಬೇಕು? ಇಲ್ಲಿ ಘೋಷಣೆ ಇಲ್ಲ, ಮೆರವಣಿಗೆ ಇಲ್ಲ. ಕಾಲು ಸುಮ್ಮನಿರುವುದಿಲ್ಲ, ಕೈ ತುರಿಸುತ್ತದೆ. ಆ ತುರಿಕೆಯೆಲ್ಲ ಸೇರಿ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ ಬಿತ್ತು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ನನ್ನ ಮದುವೆಗಿಂತ ಹಳತು. ಊರು ಬಿಟ್ಟು ಹೊರಟ ಬ್ರಿಟಿಷ್ ಇಂಜಿನಿಯರ್ ಒಬ್ಬ ಅದನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದ. ಸಾಮ್ರಾಜ್ಯಶಾಹಿಯ ಕೊನೆಯ ಸೇಡು!

ಅದರ ರೋಗ ಇಷ್ಟೇ. ಬೇಸಿಗೆಯಲ್ಲಿ ಕಾರ್ಬುರೇಟರಿನೊಳಗೆ ಪೆಟ್ರೋಲು ಸಾರಿನ ಹಾಗೆ ಕುದಿದು, ಪ್ರತಿ ಸಿಗ್ನಲ್ಲಿನಲ್ಲೂ ಕಾರು ಸತ್ಯಾಗ್ರಹಕ್ಕೆ ಕೂರುತ್ತಿತ್ತು. ಇದಕ್ಕೆ ಮದ್ದು ಇಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್. ಕಾರ್ಬುರೇಟರ್ ಅಂದಾಜಿನ ಮೇಲೆ ಸುರಿಯುವ ಹಳೇ ಜಮೀನ್ದಾರ. ಇಂಜೆಕ್ಷನ್ ಹಾಗಲ್ಲ. ಇಂಜಿನ್ನಿನ ಮೂಲೆ ಮೂಲೆಯಿಂದ ಸೆನ್ಸರುಗಳು ವರದಿ ಒಪ್ಪಿಸುತ್ತವೆ, ಒಂದು ಕಂಪ್ಯೂಟರ್ ಪೆಟ್ಟಿಗೆ ಲೆಕ್ಕ ಹಾಕಿ, ಬೇಕಾದಷ್ಟೇ ಪೆಟ್ರೋಲನ್ನು ಚಿಮ್ಮಿಸುತ್ತದೆ. ಅಗತ್ಯ ಇದ್ದಷ್ಟೇ ಹಂಚಿಕೆ! ಬಾನೆಟ್ಟಿನ ಕೆಳಗೆ ಸಮಾಜವಾದ!

"ಭವ್ಯಶ್ರೀಯ ನಿಶ್ಚಿತಾರ್ಥಕ್ಕೆ ಅಬುಧಾಬಿಗೆ ಇದೇ ಕಾರಿನಲ್ಲಿ ಹೋಗುವುದು," ಎಂದೆ.

ಪ್ರಫುಲ್ಲಾಳ ಕೈಯಲ್ಲಿದ್ದ ಬೀನ್ಸ್ ನಿಂತಿತು. "ನೀವು ಸೋದರಮಾವ. ನೆನಪುಂಟಲ್ಲ?"

ನೆನಪಿಲ್ಲದೆ ಏನು! ಭವ್ಯಶ್ರೀ ನನ್ನ ಅಕ್ಕನ ಮಗಳು. ನಮ್ಮಲ್ಲಿ ವೀಳ್ಯದ ತಟ್ಟೆ ಹಿಡಿದು, "ಹುಡುಗಿಯನ್ನು ಕೊಟ್ಟೆವು" ಎಂದು ಗಂಡಿನ ಕಡೆಯವರಿಗೆ ಮಾತು ಕೊಡಬೇಕಾದವನು ಸೋದರಮಾವ. ಅಪ್ಪನಲ್ಲ, ಅಜ್ಜನಲ್ಲ. ಜೀವಮಾನವಿಡೀ ಆಚಾರಗಳನ್ನು ಬೈದುಕೊಂಡು ಬಂದವನು ನಾನು ನಿಜ. ಆದರೆ ಇದು ಆಚಾರವಲ್ಲ ಸ್ವಾಮಿ, ಅಧಿಕಾರ! ಅಂದು ಸೋದರಮಾವ ಕೂರುವ ಕುರ್ಚಿಗೆಂದೇ ಹೊಸ ಜರಿ ಶಾಲು ತಂದಿಟ್ಟಿದ್ದೆ.

ಗ್ಯಾರೇಜುಗಳೇ ತುಂಬಿದ ಅಲ್ ಕೂಜ್‌ನಲ್ಲಿ ಪರಿಚಯದವರ ಶೆಡ್ಡೊಂದರ ಮೂಲೆ ಸಿಕ್ಕಿತು. ಕೂಡಲೇ 'ಇಂಜಿನ್ ಪರಿವರ್ತನಾ ಸಮಿತಿ' ರಚನೆಯಾಯಿತು. ಅಧ್ಯಕ್ಷ ನಾನು. ಸದಸ್ಯರು ಇಬ್ಬರು: ಹೋಟೆಲಿನಲ್ಲಿ ಏಸಿ ರಿಪೇರಿ ಮಾಡುವ ಜುವಾಕಿಂ, ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಸುಜಿತ್. ಸಂಘಟನೆಯಲ್ಲಿ ಬೆಳೆದವನಿಗೆ ಒಂದೇ ವಿಧಾನ ಗೊತ್ತು: ಚರ್ಚೆ, ಆಮೇಲೆ ಕೈ ಎತ್ತಿ ಮತದಾನ. ಪೆಟ್ರೋಲ್ ಪಂಪ್ ಎಲ್ಲಿ? ಕೈ ಎತ್ತಿ! ಕಂಪ್ಯೂಟರ್ ಪೆಟ್ಟಿಗೆ ಸೀಟಿನ ಕೆಳಗೋ, ಡಿಕ್ಕಿಯಲ್ಲೋ? ಕೈ ಎತ್ತಿ! ಇಂಜೆಕ್ಷನ್ ಕಿಟ್ಟಿನ ಜೊತೆ ಬಂದ ಸೂಚನೆಗಳನ್ನು ಓದಬೇಕೋ ಬೇಡವೋ? ಅದೂ ಮತಕ್ಕೆ ಬಿದ್ದು, ಬಹುಮತದಿಂದ ತಿರಸ್ಕೃತವಾಯಿತು.

ಕೊನೆಗೆ ಉಳಿದದ್ದು ಒಳಗೆ ಬರುವ ಗಾಳಿಯ ಬಿಸಿಯನ್ನು ಅಳೆಯುವ ಪುಟ್ಟ ಸೆನ್ಸರ್. ಅದನ್ನು ಇಂಜಿನ್ನಿನ ಮುಂದುಗಡೆ, ತಣ್ಣಗಿನ ಜಾಗದಲ್ಲಿ ಕೂರಿಸಬೇಕು. ಆದರೆ ವೈರ್ ಅಲ್ಲಿಯವರೆಗೆ ಎಟುಕಲಿಲ್ಲ. ಇಂಜಿನ್ನಿನಿಂದ ಹೊರಡುವ ಸೈಲೆನ್ಸರ್ ಪೈಪಿನ ಪಕ್ಕದವರೆಗೆ ಮಾತ್ರ ಬಂತು.

"ಅಲ್ಲೇ ಕಟ್ಟಿ ಬಿಡುವಾ ಶೀನಣ್ಣ. ಗಾಳಿ ಎಲ್ಲಿದ್ದರೂ ಗಾಳಿಯೇ," ಎಂದ ಜುವಾಕಿಂ. ಏಸಿ ಮನುಷ್ಯ, ಗಾಳಿಯ ವಿಷಯದಲ್ಲಿ ಅವನೇ ಅಧಿಕೃತ.

ಊಟದ ಡಬ್ಬ ತಂದಿದ್ದ ಪ್ರಫುಲ್ಲಾ ಬಗ್ಗಿ ನೋಡಿದಳು. "ಇದೆಂತದು? ದೋಸೆ ಕಾವಲಿಯ ಮೇಲೆ ಥರ್ಮಾಮೀಟರ್ ಇಟ್ಟು ಜ್ವರ ನೋಡುವ ಹಾಗೆ ಉಂಟಲ್ಲ! ವೈರಿಗೆ ಇನ್ನೊಂದು ತುಂಡು ಸೇರಿಸ್ಲಿಕ್ಕೆ ಆಗುದಿಲ್ವಾ?"

"ಅಭಿಪ್ರಾಯಕ್ಕೆ ಸ್ವಾಗತ. ಆದರೆ ನೀನು ಸಮಿತಿಯ ಸದಸ್ಯೆಯಲ್ಲ," ಎಂದೆ.

"ಒಳ್ಳೆದಾಯ್ತು. ಡಬ್ಬ ಖಾಲಿ ಮಾಡಿ ಕೊಡಿ."

ಮೂರು ಕೈ ಮೇಲೆದ್ದವು. ಸೆನ್ಸರ್ ಸರ್ವಾನುಮತದಿಂದ ಸೈಲೆನ್ಸರ್ ಪಕ್ಕ ಕೂತಿತು. ಕೀಲಿ ತಿರುಗಿಸಿದೆ. ಆಹಾ! ಒಂದೇ ಏಟಿಗೆ ಹುಲಿ ಗುರುಗುಟ್ಟಿತು! ಶೆಡ್ಡಿನ ಸುತ್ತ ಒಂದು ಸುತ್ತು ಹೊಡೆದು, ಪರಸ್ಪರ ಬೆನ್ನು ತಟ್ಟಿಕೊಂಡು, ಅಲ್ಲಿಗೆ ಖಲಾಸ್ ಎಂದು ಬರ್ಖಾಸ್ತಾದೆವು.

ನಿಶ್ಚಿತಾರ್ಥದ ಬೆಳಿಗ್ಗೆ ನನ್ನ ಹೆಗಲಿಗೆ ಜರಿ ಶಾಲು, ಪ್ರಫುಲ್ಲಾಳ ಮಡಿಲಿಗೆ ಐಸ್ ಪೆಟ್ಟಿಗೆ. ಅದರೊಳಗೆ ಊರಿಂದ ವಿಮಾನದಲ್ಲಿ ಬಂದ ಮಲ್ಲಿಗೆ. ಹುಡುಗಿಯ ಜಡೆಗೆ ಅದೇ ಆಗಬೇಕಂತೆ.

ದುಬೈ ದಾಟುವವರೆಗೆ ಕಾರು ಹಾರಿತು. "ಕಂಡೆಯಾ?" ಎಂದೆ. "ಕಂಡೆ, ಮುಂದೆ ನೋಡಿ," ಎಂದಳು. ಅಬುಧಾಬಿ ರಸ್ತೆಯಲ್ಲಿ ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದರೆ ಒತ್ತಿದಲ್ಲೇ. ವೇಗ ಇಳಿಯಿತು, ಇಳಿಯಿತು, ಸೈಕಲ್ಲಿನ ಮಟ್ಟಕ್ಕೆ ಬಂತು. ಇಂಜಿನ್ ನಿಲ್ಲಲಿಲ್ಲ. ಹೊಗೆ ಬರಲಿಲ್ಲ. ತಣ್ಣಗೆ, ಶಿಸ್ತಾಗಿ, ನಿಧಾನವಾಗಿ ತೆವಳಿತು. ಅಯ್ಯೋ, ಇದು ನನಗೆ ಗೊತ್ತು! 'ನಿಯಮದಂತೆ ಕೆಲಸ' ಚಳವಳಿ! ಕೆಲಸ ನಿಲ್ಲಿಸದೆ, ಬರೀ ನಿಧಾನ ಮಾಡಿ ಕಾರ್ಖಾನೆಯ ಧಣಿಗಳ ಕಣ್ಣಲ್ಲಿ ನೀರು ತರಿಸಲು ನಾವೇ ಪ್ರಯೋಗಿಸುತ್ತಿದ್ದ ಅಸ್ತ್ರ. ಅದನ್ನು ನನ್ನ ಕಾರೇ ನನ್ನ ಮೇಲೆ ಪ್ರಯೋಗಿಸಿತ್ತು. ಧಣಿಯಾಗುವುದು ಇಷ್ಟು ಕಷ್ಟವೆಂದು ಅಂದೇ ತಿಳಿದದ್ದು! ಹಿಂದಿನಿಂದ ಸಿಮೆಂಟ್ ಲಾರಿಯೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿತು. ಸ್ಪೋರ್ಟ್ಸ್ ಕಾರನ್ನು!

ತೆವಳುತ್ತಾ ಪೆಟ್ರೋಲ್ ಬಂಕ್ ಸೇರಿ ಸುಜಿತ್‌ಗೆ ಫೋನು ಮಾಡಿದೆ. ಕಾರಿನ ಕಂಪ್ಯೂಟರ್ ಪೆಟ್ಟಿಗೆಯ ವರದಿ ಅವನ ಮೊಬೈಲಿಗೂ ಹೋಗುತ್ತಿತ್ತು.

"ಶೀನಣ್ಣ, ಹೊರಗೆ ಗಾಳಿ ನೂರೈವತ್ತು ಡಿಗ್ರಿ ಅಂತ ತೋರಿಸ್ತಾ ಉಂಟು."

"ನೂರೈವತ್ತಾದರೆ ನಾನು ಮಾತಾಡ್ತಾ ಇರ್ತೇನಾ? ಸುಟ್ಟ ಬಂಗುಡೆ ಆಗಿರ್ತಿದ್ದೆ!"

"ನಿಮಗಲ್ಲ, ಸೆನ್ಸರಿಗೆ. ಸೈಲೆನ್ಸರ್ ಪಕ್ಕ ಉಂಟಲ್ಲ. ಇಂಜಿನ್ ಸುಟ್ಟು ಹೋಗದಿರ್ಲಿ ಅಂತ ಕಂಪ್ಯೂಟರ್ ಸ್ಪೀಡ್ ಕಟ್ ಮಾಡಿದೆ. ಅದಕ್ಕೆ ತಣ್ಣಗಾಗುವ ಹಾಗೆ ಎಂತಾದ್ರೂ ಮಾಡಿ."

ನನ್ನ ಕಣ್ಣು ಪ್ರಫುಲ್ಲಾಳ ಐಸ್ ಪೆಟ್ಟಿಗೆಯ ಮೇಲೆ ಬಿತ್ತು. ಅವಳ ಎರಡೂ ಕೈ ಅದರ ಮುಚ್ಚಳದ ಮೇಲೆ ಬಿದ್ದವು.

"ಮುಟ್ಟಿದರೆ ನೋಡಿ! ಇದು ಮಲ್ಲಿಗೆಗೆ ಇಟ್ಟ ಐಸು."

"ಮತಕ್ಕೆ ಹಾಕೋಣ," ಎಂದು ನಾನು ಕೈ ಎತ್ತಿದೆ.

ಅವಳು ಇಳಿದು ರಸ್ತೆಯ ಕಡೆ ತಿರುಗಿ ಎರಡೂ ಕೈ ಎತ್ತಿದಳು. ಟ್ಯಾಕ್ಸಿ ನಿಂತಿತು.

"ಕಾರು ಇಲ್ಲಿರ್ಲಿ. ನೀವೂ ಹತ್ತಿ ಮಾರಾಯ್ರೆ, ಅಲ್ಲಿ ಮಾತು ಕೊಡ್ಲಿಕ್ಕೆ ಜನ ಬೇಕು."

"ಹೋರಾಟವನ್ನು ಅರ್ಧದಲ್ಲಿ ಬಿಟ್ಟು ಹೋಗುವವನಲ್ಲ ನಾನು! ನಿನ್ನ ಹಿಂದೆಯೇ ಬರ್ತೇನೆ. ಮಾವ ಬಾರದೆ ಯಾರು ಶುರು ಮಾಡ್ತಾರೆ?"

"ಹಾಗಾದ್ರೆ ಇಂಜಿನ್ ಹತ್ರ ಮಾತುಕತೆ ಮಾಡಿ ಬನ್ನಿ," ಎಂದು ಬಾಗಿಲು ಹಾಕಿಕೊಂಡಳು.

ಬಂಕಿನ ಅಂಗಡಿಯಲ್ಲಿ ಐಸ್ ಮುಗಿದಿತ್ತು. ಇದ್ದದ್ದು ಲಬಾನ್, ಅಂದರೆ ಇಲ್ಲಿಯ ಮಜ್ಜಿಗೆ. ಅದರ ತಣ್ಣನೆಯ ಪ್ಲಾಸ್ಟಿಕ್ ಬಾಟಲಿಯನ್ನು ಬೂಟಿನ ಲಾಡಿಯಿಂದ ಸೆನ್ಸರಿಗೆ ಕಟ್ಟಿದೆ. ಭೇಷ್! ಕಾರು ಛಂಗನೆ ನೆಗೆಯಿತು! ಆದರೆ ಮಜ್ಜಿಗೆಗೂ ಒಂದು ಮಿತಿ ಇರುತ್ತದೆ. ಬಾಟಲಿ ಮೆತ್ತಗಾಗಿ, ಕರಗಿ, ಒಡೆದು ಸೈಲೆನ್ಸರ್ ಮೇಲೆ ಸುರಿಯಿತು. ಸೀದ ಹಾಲಿನ ಮೋಡ ಎದ್ದಿತು. ಬಾನೆಟ್ ಎತ್ತಿದ ಕೂಡಲೇ ಉಳಿದದ್ದು ನನ್ನ ಮುಖಕ್ಕೆ, ಅಂಗಿಗೆ, ಜರಿ ಶಾಲಿಗೆ. ಮತ್ತೊಂದು ಬಂಕ್, ಮತ್ತೊಂದು ಲಬಾನ್, ಮತ್ತೊಂದು ಅಭಿಷೇಕ. ದೇವರನ್ನು ನಂಬದವನು ದಾರಿಯುದ್ದಕ್ಕೂ ಕ್ಷೀರಾಭಿಷೇಕ ಮಾಡಿಕೊಂಡೇ ಹೋದೆ!

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹೋಟೆಲಿನ ಹಾಲಿಗೆ ನುಗ್ಗಿದಾಗ ಮೊದಲು ಕಂಡದ್ದು ಭವ್ಯಶ್ರೀಯ ಬೆರಳಿನ ಉಂಗುರ. ಅವಳ ಜಡೆಯಲ್ಲಿ ಮಲ್ಲಿಗೆ ನಗುತ್ತಿತ್ತು.

"ಮಾಮ! ವಾಟ್ ಈಸ್ ದಿಸ್ ಸ್ಮೆಲ್?" ಎಂದು ಮೂಗು ಮುಚ್ಚಿಕೊಂಡಳು.

ಸೋದರಮಾವನ ಕುರ್ಚಿಯಲ್ಲಿ ಪ್ರಫುಲ್ಲಾ ಕೂತಿದ್ದಳು. ಬೆನ್ನು ನೆಟ್ಟಗೆ, ಸೆರಗು ನೆಟ್ಟಗೆ.

"ನಾನಿಲ್ಲದೆ ಮಾತು ಕೊಟ್ಟದ್ದು ಯಾರು?" ನನ್ನ ಸ್ವರ ಕಾರ್ಖಾನೆ ಗೇಟಿನ ಮುಂದಿನ ಸ್ವರದ ಅರ್ಧಕ್ಕೂ ಬರಲಿಲ್ಲ.

"ಇವಳೇ," ಎಂದಳು ಅಕ್ಕ. "ಕಾದು ಕಾದು ಸಾಕಾಯ್ತು. ಹೆಂಗಸು ಹೇಗೆ ತಟ್ಟೆ ಕೊಡುದು ಅಂತ ಯಾರೋ ಕೇಳಿದ್ರು. ಇವಳು, 'ಹೆಂಗಸರೇ ಮಾತು ಕೊಡುವ ಕಾಲ ಬರ್ಬೇಕು ಅಂತ ನನ್ನ ಗಂಡ ಮಂಗಳೂರಿನಲ್ಲಿ ಮೈಕ್ ಹಿಡಿದು ಕೂಗ್ತಿದ್ರು, ಇವತ್ತು ಬಂತು' ಅಂತ ಹೇಳಿ, ತಟ್ಟೆ ಎತ್ತಿ ಕೊಟ್ಟೇ ಬಿಟ್ಟಳು. ಎಲ್ಲರೂ ಚಪ್ಪಾಳೆ ಹೊಡೆದ್ರು ಮಾರಾಯ!"

ಕೂಗಿದ್ದು ಹೌದು. ಆದರೆ ಆ ಕಾಲ ಬರುವಾಗ ನನ್ನದೇ ಕುರ್ಚಿಯ ಮೇಲೆ ಬಂದು ಕೂರುತ್ತದೆಂದು ಭಾಷಣದಲ್ಲಿ ಎಲ್ಲಿಯೂ ಇರಲಿಲ್ಲ.

"ಸಂತೋಷ ಆಯ್ತಲ್ಲ?" ಎಂದು ಪ್ರಫುಲ್ಲಾ ಕೇಳಿದಳು.

"ತುಂಬಾ," ಎಂದೆ. ಗಡ್ಡದಿಂದ ಮಜ್ಜಿಗೆ ತೊಟ್ಟಿಕ್ಕಿತು.

ಗಂಡಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಪ್ರಫುಲ್ಲಾಳ ಕೈ ಹಿಡಿದು ಹೇಳಿದರು:

"ಮದುವೆಗೂ ನೀನೇ ಕೂತ್ಕೋ ಮಗಾ. ಇವರಿಗೂ ಬರ್ಬೇಕು ಅಂತ ಇದ್ರೆ, ಹಿಂದಿನ ದಿನವೇ ಹೊರಡ್ಲಿಕ್ಕೆ ಹೇಳು."