ಅದಿರು ರಸ್ತೆಯ ಪಕ್ಕದಲ್ಲೊಂದು ಶಾಂತಿವನ

ಶಾಂತಿ ಬೇಕೆಂದು ಹಟ ಹಿಡಿದವರ ಮನೆಯಲ್ಲೇ ಗದ್ದಲ ಹೆಚ್ಚು ಎಂಬುದು ನನ್ನ ಅನುಭವ. ಸಂಡೂರಿನ ನಮ್ಮ ಮನೆ ಅದಿರಿನ ಲಾರಿಗಳು ಓಡಾಡುವ ರಸ್ತೆಗೇ ಮುಖಮಾಡಿ ಕೂತಿದೆ. ಗಣಿ ಬಿರುಸಾಗಿದ್ದ ಆ ವರ್ಷಗಳಲ್ಲಿ ಹಗಲೆಲ್ಲ ಹಾರ್ನು, ಅದಿರಿನ ಧೂಳು. ಬೆಳಿಗ್ಗೆ ಹಪ್ಪಳ ಒಣಹಾಕಿದರೆ ಸಂಜೆಗೆ ಕೆಂಪು ಹಪ್ಪಳ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನಾನು ಯಾವುದೋ ಪತ್ರಿಕೆಯಲ್ಲಿ ಜಪಾನಿನ ಝೆನ್ ತೋಟದ ಚಿತ್ರ ನೋಡಿದ್ದೇ ನೆಪ. ಬಿಳಿ ಮರಳು, ನಾಲ್ಕು ಕಲ್ಲು, ಒಂದೆರಡು ಗಿಡ. ನೋಡಿದರೇ ಮನಸ್ಸು ತಣ್ಣಗಾಗುತ್ತದಂತೆ. ನಮ್ಮ ಅಂಗಳದಲ್ಲೂ ಆಗಲಿ, ಗಿಡ ಮಾತ್ರ ನಮ್ಮ ನೆಲದ್ದೇ ಇರಲಿ ಎಂದು ತೀರ್ಮಾನಿಸಿದೆ.

ಹೊಳೆಯ ಮರಳು, ಧ್ಯಾನಕ್ಕೆಂದು ನಾಲ್ಕು ಕಲ್ಲು ಬಂದವು. ಹಳೆಯ ಬಾಚಣಿಗೆಯನ್ನು ಕೋಲಿಗೆ ಕಟ್ಟಿ ಮರಳಿನ ಮೇಲೆ ಅಲೆಯಲೆಯಾಗಿ ಗೆರೆ ಎಳೆದೆ. ಆ ಮರಳಿನ ನಿಜವಾದ ಉಪಯೋಗ ಓಣಿಯ ಬೆಕ್ಕುಗಳಿಗೆ ನನಗಿಂತ ಬೇಗ ತಿಳಿಯಿತು. ನಮ್ಮತ್ತೆ ಗಂಗಮ್ಮ ಬಾಗಿಲಲ್ಲಿ ನಿಂತು, "ಏನವಾ, ಮ್ಯಾಲೆ ಮನಿ ಕಟ್ಟಸ್ತೀಯೇನು? ಸಿಮೆಂಟ್ ಯಾವಾಗ ಬರ್ತೈತಿ?" ಎಂದು ಕೇಳಿದರು.

ಗಿಡದ ಮಾತು ಬಂದಾಗ ಮಾತ್ರ ಅವರ ಮುಖ ಅರಳಿತು. ಅವರ ತವರು ಗುಡ್ಡದ ಬುಡದ ಹಳ್ಳಿ. ಹುಡುಗಿಯಾಗಿದ್ದಾಗ ಆ ಗುಡ್ಡದಲ್ಲಿ ಆಡು ಮೇಯಿಸಿದವರು. ಮಳೆ ಬಿದ್ದ ಮೇಲೆ ನನ್ನನ್ನು ಅಲ್ಲಿಗೆ ಹತ್ತಿಸಿದರು. ನಾನು ಏದುಸಿರು ಬಿಡುತ್ತ ಕೂತರೆ ಅವರು ತಂಗಡಿಯ, ಅಂದರೆ ಆವರಿಕೆಯ ಸಸಿಗಳನ್ನು ಮಣ್ಣಿನ ಸಮೇತ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. "ಭಾಳ ನೀರು ಹಾಕಬ್ಯಾಡ. ಮುದ್ದು ಮಾಡಿದ್ರ ಸಾಯ್ತೈತಿ," ಎಂದರು.

ಗಿಡ ಹತ್ತಿದವು, ಹಳದಿ ಹೂ ಬಿಟ್ಟವು. ಅತ್ತೆ ದಿನಾ ನನ್ನ ಧ್ಯಾನದ ಕಲ್ಲಿನ ಮೇಲೆ ಕೂತು ಸೊಪ್ಪು ಸೋಸತೊಡಗಿದರು. ಅದು ಕೂರುವ ಕಲ್ಲಲ್ಲ ಎಂದೆ. "ಕುಂದ್ರಾಕ ಬರದ ಕಲ್ಲು ಯಾಕವಾ ಬೇಕು?" ಎಂದರು. ಝೆನ್ ಗುರುಗಳು ಕೇಳುವ ಪ್ರಶ್ನೆಗಳೂ ಹೀಗೇ ಇರುತ್ತವಂತೆ.

ಅಷ್ಟರಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ನಮ್ಮೆಜಮಾನರಿಗೂ ಊರಿನ ಲಾರಿ ಜ್ವರ ತಾಗಿ, ಒಂದು ಲಾರಿಯನ್ನೇ ತಂದು ಮನೆ ಮುಂದೆ ನಿಲ್ಲಿಸಿದರು. ಪೂಜೆಗೆ ಹೂವು ಸಾಲದೆ, ಅತ್ತೆ ತಾವೇ ತಂಗಡಿ ಹೂ ಮುರಿದು ಲಾರಿಯ ಮೂತಿಗೆ ಸಿಕ್ಕಿಸಿದರು. ಕೆಲವು ದಿನಗಳ ನಂತರ ಡ್ರೈವರ್ ಶೇಖಪ್ಪ ಚಹಾ ಕುಡಿಯುತ್ತಿದ್ದಾಗ, "ಮಾಲು ಎಲ್ಲಿ ತುಂಬ್ತೀಯಪ್ಪಾ?" ಎಂದು ಅತ್ತೆ ವಿಚಾರಿಸಿದರು.

"ನಿಮ್ಮ ತವರ ಹಿಂದಿನ ಗುಡ್ಡದಾಗ್ರಿ ಅಮ್ಮಾ. ಮಸ್ತ್ ಮಾಲು ಐತಿ."

"ಆಡು ಮೇಯ್ಸೋ ಬಾಜು?"

"ಆ ಬಾಜು ಈಗ ಇಲ್ರಿ."

ಅತ್ತೆ ಎದ್ದು ಗಿಡದ ಹತ್ತಿರ ಹೋಗಿ ಕಾಯಿ ಮುಟ್ಟಿ ನೋಡಿ, "ಒಣಗಿದ ಮ್ಯಾಲೆ ಬೀಜ ತಗದಿಡವಾ. ಉದುರಾಕ ಬಿಡಬ್ಯಾಡ," ಎಂದಷ್ಟೇ ಹೇಳಿ ಒಳಗೆ ಹೋದರು.

ಯಜಮಾನರು ಬರಲಿ, ಲಾರಿ ಮಾರಿಬಿಡಿ ಎಂದೇ ಹೇಳುತ್ತೇನೆ ಎಂದು ಮಾತುಗಳನ್ನು ಜೋಡಿಸಿಕೊಳ್ಳುತ್ತ, ಪೈಪು ಹಿಡಿದು ಎಲೆಗಳ ಮೇಲಿನ ಧೂಳು ತೊಳೆಯುತ್ತಿದ್ದೆ. ಅವರು ಬಂದರು. "ಹಂಗ ಲಾರಿಗೂ ಒಂದಿಷ್ಟು ನೀರು ಹೊಡಿ," ಎಂದರು. ಹೊಡೆದೆ. ಗಿಡಕ್ಕಿಂತ ಅದಕ್ಕೇ ಹೆಚ್ಚು ನೀರು ಹಿಡಿಯಿತು. ತೊಳೆದು ಮುಗಿಸಿ ದೂರ ನಿಂತು ನೋಡಿದಾಗ, ಎಷ್ಟು ಚೆನ್ನಾಗಿ ಹೊಳೆಯುತ್ತಿದೆಯಲ್ಲ ಎಂದು ನನಗೆ ಹೆಮ್ಮೆಯೂ ಆಯಿತು.