ಕೇರಳಕ್ಕೆ ಹೊರಟ ನಮ್ಮ ಕಾಕಾ

ನಮ್ಮ ಕಾಕಾ ಕೇರಳವನ್ನು ಒಮ್ಮೆಯೂ ಕಾಣದೆ ಎರಡು ವರ್ಷ ಅಲ್ಲಿಯೇ ಬದುಕಿದವರು! ದೇಹವೊಂದು ಮಾತ್ರ ಇಂಡಿ ಊರಿನ ಬಜಾರದಲ್ಲಿ ಕೂತು ಹೊಲಿಗೆ ಮಷೀನು ತುಳಿಯುತ್ತಿತ್ತು. ಉಳಿದ ಕಾಕಾ ಪೂರ್ತಿ ಅಲ್ಲಿಗೆ ಹೋಗಿ ಮನೆ ಹೂಡಿಯಾಗಿತ್ತು.

ಇದಕ್ಕೆಲ್ಲ ಕಾರಣ ಪಕ್ಕದ ಬಳೆ ಅಂಗಡಿಯ ಚಾಚಾ. ಅವರು ದಿನವೂ ಬಜಾರಕ್ಕೆಲ್ಲ ಕೇಳುವಂತೆ ಪೇಪರು ಓದುವವರು. ಒಂದು ದಿನ, ಕೇರಳದ ಜನ ಓಟು ಹಾಕಿ ಕೆಂಪು ಬಾವುಟದವರನ್ನು ಗಾದಿಗೆ ಕೂಡಿಸಿದ್ದಾರೆ, ಅಲ್ಲಿ ಇನ್ನು ಮೇಲು ಕೀಳು ನಡೆಯುವುದಿಲ್ಲವಂತೆ ಎಂದು ಓದಿದರು. ಕಾಕಾ ಮಷೀನು ನಿಲ್ಲಿಸಿದರು.

"ಅಂದ್ರ ಅಲ್ಲಿ ಯಾರ ಅಳತಿ ಬೇಕಾದ್ರೂ ತಗೋಬಹುದೇನ್ರಿ?"

"ಅಷ್ಟು ಬರದಿಲ್ಲ ಮಾಸ್ತರ. ಆದ್ರ ಅರ್ಥ ಹಂಗ ಆಗತೈತಿ," ಎಂದರು ಚಾಚಾ.

ಕಾಕಾ ಹಾಗೆ ಕೇಳಿದ್ದು ಸುಮ್ಮನೆ ಅಲ್ಲ. ಅವರ ಅಂಗಡಿ ಇದ್ದದ್ದು ಒಬ್ಬ ಸಾವಕಾರರ ಕಟ್ಟೆಯ ಮೇಲೆ. ಊರ ಹೊರಗಿನ ಕೇರಿಯವರು ಆ ಕಟ್ಟೆ ಹತ್ತಬಾರದು, ಅವರ ಮೈಗೆ ಟೇಪು ಮುಟ್ಟಿಸಬಾರದು ಎಂಬುದು ಸಾವಕಾರರ ಕರಾರು. ಅವರು ಕೆಳಗೆ ಬೀದಿಯಲ್ಲಿ ನಿಲ್ಲಬೇಕು, ಕಾಕಾ ಮೇಲಿಂದಲೇ ಕಣ್ಣಳತೆ ಮಾಡಿ ಹೊಲಿಯಬೇಕು. ಕಣ್ಣಳತೆಯ ಅಂಗಿ ಹೇಗಿದ್ದೀತು? ಒಂದೊಂದರಲ್ಲಿ ಇಬ್ಬಿಬ್ಬರು ಹಿಡಿಸುತ್ತಿದ್ದರು! ನಾಲ್ಕು ತಾಲೂಕಿಗೆ ಹೆಸರಾದ ಕೈ ಅದು. ತಾವೇ ಹೊಲಿದ ಅಂಥ ಅಂಗಿ ಎದುರಿಗೆ ಬಂದರೆ ಕಾಕಾ ಮುಖ ತಿರುಗಿಸಿ ಬೇರೆ ಓಣಿ ಹಿಡಿಯುತ್ತಿದ್ದರು.

"ನಾವು ಕೇರಳಕ್ಕ ಹೋಗೂಣು," ಎಂದು ಅಂದೇ ಮನೆಯಲ್ಲಿ ಸಾರಿದರು. ಕಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹುಟ್ಟಿದ ರಾಜ್ಯ ಬಿಟ್ಟು ಯಾರರ ಹೋಗ್ತಾರೇನ್ರಿ?"

"ಹುಟ್ಟಿದ್ದು ಮುಂಬಯಿ ರಾಜ್ಯದಾಗ. ಈಗ ಇರೋದು ಮೈಸೂರು ರಾಜ್ಯದಾಗ. ಕುಂತಲ್ಲೇ ರಾಜ್ಯ ಬದಲಾತು. ಎದ್ದು ಹೋದ್ರ ಏನು ತಪ್ಪು?"

ಈ ಮಾತು ಕೇಳಿ ಕಾಕಿ ರೊಟ್ಟಿಯನ್ನು ಹಂಚಿಗೆ ಹಾಕಿದಳು, ಕಾಕಾನ ಅಣ್ಣನಾದ ನಮ್ಮಪ್ಪ ಎದ್ದು ಹೊರಗೆ ಹೋದರು.

ತಯಾರಿ ಶುರುವಾಯಿತು. ಅಲ್ಲಿ ಜೋಳ ಸಿಗದು, ಆದ್ದರಿಂದ ಇನ್ನು ಅನ್ನವೇ ಗತಿ! ಮದುವೆ ಮುಂಜಿಯಲ್ಲಿ ಒಂದು ಹಿಡಿ ಅನ್ನ ಕಾಣುವ ಸೀಮೆಯಲ್ಲಿ ಕಾಕಾ ಎರಡು ಹೊತ್ತೂ ಅನ್ನ ಉಣ್ಣತೊಡಗಿದರು. ಮನೆಯಲ್ಲಿ ರೊಟ್ಟಿ ಕೇಳುವುದಿಲ್ಲವೆಂದು ಪಣ ತೊಟ್ಟರು. ಪಣವೇನೋ ಗಟ್ಟಿ, ಹೊಟ್ಟೆ ಕೇಳಬೇಕಲ್ಲ? ಇಳಿಹೊತ್ತಿಗೆ ಚಾಚಾನ ಅಂಗಡಿಯ ಹಿಂದೆ ಕೂತು ಕದ್ದು ರೊಟ್ಟಿ ತಿನ್ನುತ್ತಿದ್ದರು. ಆ ರೊಟ್ಟಿ ಬಡಿದು ಚಾಚಾನಿಗೆ ಕಳಿಸುತ್ತಿದ್ದವಳು ಕಾಕಿಯೇ ಎಂಬುದು ಕಾಕಾ ಒಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಅಲ್ಲಿ ಆರು ತಿಂಗಳು ಮಳೆಯೆಂದು ಕೇಳಿ ಕೊಡೆ ಹಿಡಿಯುವ ರೂಢಿಯನ್ನೂ ಮಾಡಿಕೊಂಡರು. ಇಂಡಿ ಊರಿನ ಸಂಜೆ, ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಕಾಕಾ ಮಾತ್ರ ಕೊಡೆ ಬಿಚ್ಚಿಕೊಂಡು ಹೊರಟರೆ ಮಂದಿ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಆಲಮೇಲದ ಒಬ್ಬ ಮಾಜಿ ಸಿಪಾಯಿ ಒಂದು ಗಂಡಾಂತರದ ಸುದ್ದಿ ತಂದ.

"ಮಾಸ್ತರ, ಅಲ್ಲಿ ಗಂಡಸರು ಅಂಗೀನ ಹಾಕಂಗಿಲ್ಲ್ರಿ. ಬರೇ ಪಂಚೆ."

"ಸರಕಾರ ಬದಲಾಗೇತಲ್ಲ ತಮ್ಮಾ, ಇನ್ನ ಅಂಗೀನೂ ಬರ್ತಾವ."

ಆಮೇಲೆ ಬೀಳ್ಕೊಡುಗೆಯ ಪ್ರವಾಸ. ಸಿಂದಗಿಯ ತಂಗಿಯ ಮನೆ, ಬಸವನ ಬಾಗೇವಾಡಿಯ ಬೀಗರ ಮನೆ, ಮುದ್ದೇಬಿಹಾಳದಲ್ಲಿ ನನ್ನ ಗಂಡನ ಮನೆ, ಎಲ್ಲ ಕಡೆಯೂ ಕಣ್ಣೀರು, ಹೋಳಿಗೆ, ತುಪ್ಪ. ಹೊರಡುವುದು ಮುಂದಕ್ಕೆ ಹೋಯಿತು. ಕಾಕಾ ಮತ್ತೆ ಹೇಳಿ ಹೋಗಲು ಬಂದರು. ಈ ಸಲ ಹೋಳಿಗೆ ಹೋಗಿ ಗೋದಿರವೆಯ ಸಜ್ಜಕ. ಮತ್ತೊಮ್ಮೆ ಬಂದಾಗ ದಿನದ ಝುಣಕ ರೊಟ್ಟಿಯೇ! ನನ್ನ ಅತ್ತೆ ಕೇಳಿಯೇಬಿಟ್ಟರು, "ಇನ್ನೂ ಹೋಗಿಲ್ಲೇನ್ರಿ?"

ಕೊನೆಗೂ ಆ ದಿನ ಬಂತು. ನಾನು ಪಂಚಮಿಗೆಂದು ತವರಿಗೆ ಬಂದಿದ್ದೆ. ಕಟ್ಟೆಯ ಮೇಲೆ ಟ್ರಂಕು, ಕೌದಿಯಲ್ಲಿ ಸುತ್ತಿ ಕಟ್ಟಿದ ಮಷೀನು, ಕೆಳಗೆ ಸ್ಟೇಷನ್ನಿಗೆ ಹೋಗುವ ಟಾಂಗಾ. ಕಾಕಿ ಟ್ರಂಕಿನ ಪಕ್ಕ ಕೂತಿದ್ದಳು. ಚಾಚಾ ಒಂದು ವಾರದಿಂದ ಪೇಪರು ಓದಿರಲಿಲ್ಲ. ಗಂಟಲು ಕಟ್ಟಿದೆ ಎನ್ನುತ್ತಿದ್ದರು. ಟಾಂಗಾ ನೋಡಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಮಾಸ್ತರ, ಹೆಂಗ ಹೇಳ್ಲಿ. ಆ ಸರಕಾರನ ಇಲ್ಲ ಈಗ. ದಿಲ್ಲಿಯವರು ಕಿತ್ತು ಹಾಕ್ಯಾರ."

ಕಾಕಾ ಟ್ರಂಕಿನ ಮೇಲೆ ಕುಸಿದರು. ಅಷ್ಟರಲ್ಲಿ ಹೊರಗಿನ ಕೇರಿಯ ಒಬ್ಬ ಮುತ್ಯಾ, ಹಣ್ಣು ಮುದುಕ, ಬಂದ. ಬಗಲಲ್ಲಿ ಬಟ್ಟೆ, ಮೊಮ್ಮಗಳ ಮದುವೆಗೆ ಅಂಗಿ ಬೇಕಿತ್ತು. ಎಂದಿನಂತೆ ಕೆಳಗೆ ನಿಂತ.

ಕಾಕಿ ಗಂಡನ ಕಡೆ ತಿರುಗಿದಳು. "ಅಲ್ಲಿ ಹೋಗಿ ಏನು ಮಾಡಾವ್ರಿದ್ರಿ?"

"ಎಲ್ಲಾರ ಅಳತಿ ತಗೊಳ್ಳಾವಿದ್ನಿ."

"ಎಲ್ಲಾರೊಳಗ ಈ ಮುತ್ಯಾ ಬರಂಗಿಲ್ಲೇನ್ರಿ?"

ಅಷ್ಟು ಹೇಳಿ ಮಷೀನಿಗೆ ಸುತ್ತಿದ ಕೌದಿ ಬಿಚ್ಚಿ ಕಟ್ಟೆಯ ಮೇಲೆ ಹಾಸಿದಳು. "ಮ್ಯಾಲ ಬರ್ರಿ ಮುತ್ಯಾ," ಎಂದಳು.

ಮುತ್ಯಾ ಬಜಾರದ ಆ ತುದಿ ಈ ತುದಿ ನೋಡಿದ. ಬರಲಿಲ್ಲ. ಕಾಕಾ ಎದ್ದರು, ಬಗ್ಗಿ ಕೈ ಹಿಡಿದು ಮೇಲೆ ಕರೆದುಕೊಂಡರು. ಹೆಗಲಿಗೆ ಟೇಪು ಇಟ್ಟರು, ಎದೆಗೆ ಸುತ್ತಿದರು. ಒಂದೊಂದು ಅಳತೆಯನ್ನೂ ಎರಡೆರಡು ಸಲ ತೆಗೆದರು.

"ಸಡಲ ಇರ್ಲಿ ಮಾಸ್ತರ," ಎಂದ ಮುತ್ಯಾ ಮೆಲ್ಲಗೆ. "ನನಗ ಹಂಗ ಹಾಕ್ಕೊಂಡು ರೂಢಿ ಐತಿ."

ಕಾಕಾ ಟೇಪು ಹಿಡಿದುಕೊಂಡೇ ಅತ್ತರು. ಬಜಾರವೆಲ್ಲ ನಿಂತು ನೋಡುತ್ತಿತ್ತು.

ಹೊತ್ತು ಮುಳುಗುವ ಮೊದಲೇ ಕಟ್ಟೆ ಖಾಲಿ ಮಾಡಬೇಕೆಂದು ಸಾವಕಾರರ ಆಳು ಹೇಳಿ ಹೋದ. ಚಾಚಾ ತಮ್ಮ ಸ್ವಂತ ಅಂಗಡಿಯ ಬಳೆ ಪೆಟ್ಟಿಗೆಗಳನ್ನು ಒಂದು ಕಡೆ ಸರಿಸಿ, ಮಷೀನಿಗೆ ಜಾಗ ಮಾಡಿದರು. ಸ್ಟೇಷನ್ನಿಗೆ ಹೋಗಬೇಕಾದ ಕಾಕಾ ಒಂದು ಗೋಡೆ ದಾಟಿ ಚಾಚಾನ ಅಂಗಡಿಯಲ್ಲಿ ಇಳಿದರು!

ಅಂದು ಊಟಕ್ಕೆ ಕೂತಾಗ ಕಾಕಿ ರೂಢಿಯಂತೆ ಅನ್ನ ಬಡಿಸಲು ಹೋದಳು. ಕಾಕಾ ತಾಟಿಗೆ ಕೈ ಅಡ್ಡ ಹಿಡಿದರು.

"ರೊಟ್ಟಿ ಹಾಕ. ನಾ ಈಗ ಊರಿಗೆ ಬಂದೇನಿ."

ಕಾಕಿ ಬುಟ್ಟಿಯಿಂದ ರೊಟ್ಟಿ ತೆಗೆಯುತ್ತಾ ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಕಾಕಾ ಮಾತ್ರ ಎರಡು ವರ್ಷ ಹಸಿದಿದ್ದವರಂತೆ ಉಣ್ಣುತ್ತಿದ್ದರು.